ಸಾಕುಮೊಲದ ಆರೋಗ್ಯ: ಜಂತುಬಾಧೆಯೂ ಅದರ ನಿವಾರಣೆಯೂ

ಮಹಾನಗರಗಳ ಇಕ್ಕಟ್ಟಾದ ಮನೆಗಳಲ್ಲಿ ನಾಯಿಯನ್ನು ಸಾಕುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಸದ್ದಿಲ್ಲದೆ ಮೂಲೆಯಲ್ಲಿದ್ದು, ಹುಲ್ಲು ಸೊಪ್ಪುಗಳಿಂದಲೇ ತೃಪ್ತಿಪಡುವ ಮೊಲವು ಆದುದರಿಂದ ಅನೇಕ ಕುಟುಂಬಗಳಲ್ಲಿ ಮಕ್ಕಳ ಸಂಗಾತಿಯಾಗಿದೆ. ಆದರೆ ತಂದ ಕೆಲವೇ ವಾರಗಳಲ್ಲಿ ಮರಿಯು ಭೇದಿಯಿಂದ ಸಾಯುವುದೂ, ಹೊಟ್ಟೆಯ ಹುಳುವಿಗೆ ಔಷಧ ಹಾಕಲಿಲ್ಲವೆಂದು ಮನೆಯವರು ಮರುಗುವುದೂ ಅಪರೂಪವಲ್ಲ. ಈ ಮರುಕದಲ್ಲಿ ಅರ್ಧ ಸತ್ಯ ಮಾತ್ರ ಇದೆ. ಮರಿಮೊಲಗಳ ಪ್ರಾಣ ತೆಗೆಯುವ ಪರೋಪಜೀವಿಯು ಬಹುಮಟ್ಟಿಗೆ ಹುಳುಗಳ ಜಾತಿಗೇ ಸೇರಿದುದಲ್ಲ.

ಕಣ್ಣಿಗೆ ಕಾಣದ ಶತ್ರು

ಮೊಲದ ದೊಡ್ಡ ಕರುಳಿನಲ್ಲಿ ದಾರದ ತುಣುಕಿನಂತಹ ಸಣ್ಣ ಬಿಳಿಯ ಹುಳುಗಳು ವಾಸಿಸುವುದುಂಟು. ಹಿಕ್ಕೆಯಲ್ಲಿ ಕಂಡಾಗ ಗಾಬರಿ ಹುಟ್ಟಿಸಿದರೂ ಇವುಗಳಿಂದ ದೊಡ್ಡ ಮೊಲಕ್ಕೆ ಆಗುವ ಹಾನಿ ಅಲ್ಪ. ನಿಜವಾದ ಶತ್ರು ಕಾಕ್ಸಿಡಿಯಾ ಎಂಬ ಏಕಕೋಶ ಜೀವಿ. ಇದರ ಕೆಲವು ಪ್ರಭೇದಗಳು ಕರುಳನ್ನೂ, ಒಂದು ಪ್ರಭೇದವು ಪಿತ್ತಜನಕಾಂಗವನ್ನೂ ಆಕ್ರಮಿಸುತ್ತವೆ. 1674ರಲ್ಲಿ ಡಚ್ ಸೂಕ್ಷ್ಮದರ್ಶಕತಜ್ಞ ಲೀವೆನ್‌ಹುಕ್ ಮೊಲದ ಪಿತ್ತರಸದಲ್ಲಿ ಕಂಡ ಅಂಡಾಕಾರದ ಕಣಗಳು ಈ ಜೀವಿಯವೇ ಇರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ತಾಯಿಯ ಹಾಲು ಬಿಟ್ಟ ಒಂದರಿಂದ ಮೂರು ತಿಂಗಳ ಮರಿಗಳಿಗೆ ಇದರ ಅಪಾಯ ಅತಿ ಹೆಚ್ಚು. ಹೊಟ್ಟೆಯುಬ್ಬರ, ಭೇದಿ, ಆಹಾರ ಬಿಡುವುದು, ಸೊರಗುವುದು ಇದರ ಲಕ್ಷಣಗಳು.

ಸೋಂಕಿದ ಮೊಲದ ಹಿಕ್ಕೆಯೊಡನೆ ಹೊರಬೀಳುವ ಈ ಕೋಶಗಳು ಕೂಡಲೇ ರೋಗ ತರಲಾರವು. ತೇವವೂ ಬೆಚ್ಚನೆಯ ಹವೆಯೂ ದೊರೆತರೆ ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಬಲಿತು, ಬಳಿಕ ಆಹಾರದೊಡನೆ ಹೊಟ್ಟೆ ಸೇರುತ್ತವೆ. ಪ್ರತಿದಿನವೂ ಗೂಡನ್ನು ಗುಡಿಸುವುದರ ಮಹತ್ವ ಇಲ್ಲಿಯೇ ಇದೆ.

ಉಮರೇಡ್‌ನ ಹವೆ ಕಲಿಸುವ ಪಾಠ

ನಾಗಪುರದ ಆಗ್ನೇಯಕ್ಕೆ ಸುಮಾರು 45 ಕಿ.ಮೀ. ದೂರದಲ್ಲಿ, ಕಲ್ಲಿದ್ದಲ ಗಣಿಗಳಿಗೆ ಹೆಸರಾದ ಉಮರೇಡ್ ಪಟ್ಟಣವಿದೆ. ವಿದರ್ಭದ ಈ ಭಾಗದಲ್ಲಿ ಮೇ ತಿಂಗಳ ಬಿಸಿಲು 45 ಡಿಗ್ರಿಯನ್ನು ಮುಟ್ಟುವುದುಂಟು. ಜೂನ್ ಕಳೆಯುವಷ್ಟರಲ್ಲಿ ಮಳೆಯ ತೇವ ಎಲ್ಲೆಡೆ ಹರಡುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ಒಣಗಿದ ಗೂಡು ತಾನಾಗಿಯೇ ಸ್ವಲ್ಪಮಟ್ಟಿಗೆ ಶುದ್ಧವಾಗುತ್ತದೆ. ಮಳೆಗಾಲದ ಗೂಡು ಕಾಕ್ಸಿಡಿಯಾಕ್ಕೆ ತವರುಮನೆಯಾಗುತ್ತದೆ. ನೊಣಗಳೂ ಆಗಲೇ ಹೆಚ್ಚುತ್ತವೆ. ಹಿಂಭಾಗದ ಕೂದಲಿಗೆ ಹಿಕ್ಕೆ ಮೆತ್ತಿಕೊಂಡ ಮೊಲದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದೊಳಗೆ ಹುಳು ಬೀಳಬಹುದು. ಇದು ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಮುಳುವಾಗುವ ಸ್ಥಿತಿ; ಮಳೆಗಾಲದಲ್ಲಿ ದಿನಕ್ಕೆರಡು ಬಾರಿ ಮೊಲದ ಹಿಂಭಾಗವನ್ನು ಪರೀಕ್ಷಿಸತಕ್ಕದ್ದು. ಮುಂಬಯಿಯ ಮಳೆಗಾಲಕ್ಕೂ ಈ ಮಾತು ಸಲ್ಲುತ್ತದೆ.

ಮೇವಿನ ವಿಷಯದಲ್ಲಿಯೂ ಎಚ್ಚರ ಬೇಕು. ಬೀದಿನಾಯಿಗಳು ಓಡಾಡುವ ಬಯಲಿನ ಗರಿಕೆಯಲ್ಲಿ ಲಾಡಿಹುಳುವಿನ ಮೊಟ್ಟೆಗಳಿರಬಹುದು. ಅವು ಮೊಲದ ಹೊಟ್ಟೆಯೊಳಗೆ ನೀರುಗುಳ್ಳೆಗಳಾಗಿ ಬೆಳೆಯುತ್ತವೆ. ಮನೆಯಲ್ಲಿ ನಾಯಿಯೂ ಇದ್ದರೆ ಕ್ರಮವಾಗಿ ಜಂತಿನ ಔಷಧ ಕೊಡಬೇಕಾದುದು ಆ ನಾಯಿಗೆ.

ಮೈಮೇಲಿನ ಪರೋಪಜೀವಿಗಳು

ಕಿವಿಯೊಳಗೆ ಕಂದುಬಣ್ಣದ ದಪ್ಪ ಹಕ್ಕಳೆ ಕಟ್ಟಿ ಮೊಲವು ತಲೆ ಕೊಡವುತ್ತಿದ್ದರೆ ಅದು ನುಸಿಯ ಕಾಟ. ಹಕ್ಕಳೆಯನ್ನು ಕೀಳಬಾರದು, ವಿಪರೀತ ನೋವಾಗುತ್ತದೆ. ಬೆನ್ನಿನ ಮೇಲೆ ಹೊಟ್ಟಿನಂತೆ ಉದುರುವುದು ಬೇರೊಂದು ನುಸಿಯ ಗುರುತು. ಇದು ಎತ್ತಿಕೊಂಡವರ ತೋಳಿನ ಮೇಲೂ ತುರಿಗುಳ್ಳೆಗಳನ್ನು ಎಬ್ಬಿಸಬಲ್ಲುದು. ಕತ್ತು ಒಂದು ಪಕ್ಕಕ್ಕೆ ವಾಲಿದರೆ ಮೂತ್ರದ ಮೂಲಕ ಹರಡುವ ಮತ್ತೊಂದು ಸೂಕ್ಷ್ಮಜೀವಿಯು ಮಿದುಳನ್ನು ಮುಟ್ಟಿರಬಹುದು.

ಔಷಧದ ವಿವೇಕ

2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ನಮ್ಮ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡಲಾಗುತ್ತಿದೆ. ಮನೆಯಲ್ಲಿ ಉಳಿದ ಅದೇ ಔಷಧವನ್ನು ಅಂದಾಜಿನಲ್ಲಿ ಮೊಲಕ್ಕೂ ಕುಡಿಸುವವರಿದ್ದಾರೆ. ಇದು ಕಾಕ್ಸಿಡಿಯಾವನ್ನು ಕೊಲ್ಲುವುದಿಲ್ಲ. ಈ ವರ್ಗದ ಔಷಧಗಳಿಂದ ಮೊಲಗಳ ಮೂಳೆಮಜ್ಜೆ ಕುಂದಿದ ಪ್ರಸಂಗಗಳೂ ದಾಖಲಾಗಿವೆ. ನಾಯಿಯ ಚಿಗಟಕ್ಕೆ ಬಳಸುವ ಫಿಪ್ರೋನಿಲ್ ಮೊಲಕ್ಕೆ ವಿಷ. ಬಾಯಿಯ ಮೂಲಕ ಕೊಟ್ಟ ಅಮಾಕ್ಸಿಸಿಲಿನ್ ಕರುಳಿನ ಉಪಕಾರಿ ಜೀವಾಣುಗಳನ್ನು ಕೆಡಿಸಿ ಮರಣಕ್ಕೆ ಕಾರಣವಾಗಬಹುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲೆಂಬ ಹಟ ಇಲ್ಲಿ ನಡೆಯದು. ತಾಜಾ ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ತೂಕ ನೋಡಿ, ಪಶುವೈದ್ಯರೇ ಔಷಧವನ್ನೂ ಪ್ರಮಾಣವನ್ನೂ ನಿರ್ಧರಿಸಬೇಕು. ದನಕರುಗಳ ಚಿಕಿತ್ಸೆಯೇ ಮುಖ್ಯವಾಗಿರುವ ಸಣ್ಣ ಊರಿನವರು ಹತ್ತಿರದ ಪಶುವೈದ್ಯ ಮಹಾವಿದ್ಯಾಲಯವನ್ನು ವಿಚಾರಿಸುವುದು ಮೇಲು. ನಮ್ಮ ಹೆಬ್ಬಾಳದ ಕಾಲೇಜಿನಂತೆ ನಾಗಪುರದ ಕಾಲೇಜೂ 1958ರಲ್ಲಿ ಸ್ಥಾಪಿತವಾದುದು.

ನಿತ್ಯ ಪಾಲಿಸಬೇಕಾದ ನಿಯಮಗಳು

1. ಹಿಕ್ಕೆ, ಒದ್ದೆ ಹುಲ್ಲುಗಳನ್ನು ಪ್ರತಿದಿನ ತೆಗೆಯಿರಿ. ವಾರಕ್ಕೊಮ್ಮೆ ಮೊಲವನ್ನು ಬೇರೆಡೆಗೆ ಸರಿಸಿ ಗೂಡಿಗೆ ಕುದಿಯುವ ನೀರು ಹೊಯ್ದು, ಪೂರ್ತಿ ಒಣಗಿಸಿರಿ. ಸಾಮಾನ್ಯ ಕ್ರಿಮಿನಾಶಕ ದ್ರಾವಣಗಳಿಗೆ ಕಾಕ್ಸಿಡಿಯಾ ಬಗ್ಗುವುದಿಲ್ಲ.

2. ಮೇವನ್ನು ನೆಲದ ಮೇಲೆ ಹಾಕದೆ ಎತ್ತರದ ತಟ್ಟಿಯಲ್ಲಿಡಿರಿ.

3. ಹೊಸ ಮೊಲವನ್ನು ಎರಡು ಮೂರು ವಾರ ಪ್ರತ್ಯೇಕವಾಗಿರಿಸಿ, ಹಿಕ್ಕೆಯನ್ನು ಪರೀಕ್ಷೆ ಮಾಡಿಸಿರಿ.

4. ಮೊಲವನ್ನು ಮುಟ್ಟಿದ ಮಕ್ಕಳು ಸಾಬೂನಿನಿಂದ ಕೈ ತೊಳೆಯಲಿ.

5. ರಜೆಯಲ್ಲಿ ಊರಿಗೆ ಹೊರಟಾಗ ನೆರೆಯವರಿಗೆ ಮೇವಿನ ಜೊತೆಗೆ ಗೂಡು ಗುಡಿಸುವ ಕ್ರಮವನ್ನೂ ತಿಳಿಸಿರಿ.

6. ಒಂದು ಹೊತ್ತು ಮೇವು ಬಿಟ್ಟರೂ ಕಾಯದೆ ವೈದ್ಯರನ್ನು ಕಾಣಿರಿ.

ಮೊಲವು ಮೂಕಪ್ರಾಣಿಗಳಲ್ಲಿಯೂ ಮೂಕಪ್ರಾಣಿ. ನೋವನ್ನು ಕೊನೆಯವರೆಗೂ ಅಡಗಿಸಿಕೊಳ್ಳುತ್ತದೆ. ಅದರ ಹಿಕ್ಕೆಯನ್ನೂ ಹಸಿವನ್ನೂ ದಿನವೂ ಗಮನಿಸುವ ಮನೆಯಲ್ಲಿ ರೋಗ ಬೇಗನೆ ಪತ್ತೆಯಾಗುತ್ತದೆ. ಮಕ್ಕಳ ಸಂಗಾತಿಯೂ ಹಲವು ವರ್ಷ ಬಾಳುತ್ತದೆ.