ಎಣ್ಣೆತಟ್ಟೆಯ ಬೋಲ್ಟು

ಬೆಳಗ್ಗೆ ಕಾರನ್ನು ಬೀದಿಗೆ ತೆಗೆದ ಮೇಲೆ ಅಂಗಳದ ಕಲ್ಲುಚಪ್ಪಡಿಯ ಮೇಲೆ ರೂಪಾಯಿಯಗಲದ ಕಪ್ಪು ಕಲೆಯೊಂದು ಉಳಿದಿರುತ್ತದೆ. ಮೊದಲು ಅದು ಮನೆಯೊಡತಿಯ ಕಣ್ಣಿಗೆ ಬೀಳುತ್ತದೆ. ಆಕೆ ತೊಳೆಯುತ್ತಾಳೆ, ಮರುದಿನ ಅದೇ ಜಾಗದಲ್ಲಿ ಅದೇ ಕಲೆ. ನಾಲ್ಕನೆಯ ದಿನ ಅದು ಅಂಗೈಯಗಲವಾಗುತ್ತದೆ. “ಮೊನ್ನೆಯಷ್ಟೇ ಹೊಸ ಚೇಂಬರು ಹಾಕಿಸಿದೆನಲ್ಲ!” ಎಂದು ಯಜಮಾನರು ಅಚ್ಚರಿಪಡುತ್ತಾರೆ. ಚೇಂಬರು ಹೊಸದೇ, ಅದರಲ್ಲಿ ದೋಷವಿಲ್ಲ. ಕಳೆದುಹೋದ ಒಂದು ಬೋಲ್ಟಿನ ಸ್ಥಾನದಲ್ಲಿ ‘ಅಂಥದೇ’ ಇನ್ನೊಂದು ಬೋಲ್ಟು ಕುಳಿತಿದೆ. ಸಮಸ್ತ ಅನರ್ಥಕ್ಕೂ ಮೂಲ ಆ ‘ಅಂಥದೇ’ ಎಂಬ ಒಂದು ಮಾತು.

ಎಣ್ಣೆಯ ಮನೆ

ಮೇಸ್ತ್ರಿಗಳು ಚೇಂಬರು ಎಂದು ಕರೆಯುವ ಎಣ್ಣೆತಟ್ಟೆಯು ಇಂಜಿನ್ನಿನ ತಳದಲ್ಲಿ ತೊಟ್ಟಿಯಂತೆ ತೂಗುತ್ತಿರುತ್ತದೆ. ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಮೂರು ನಾಲ್ಕು ಲೀಟರು ಎಣ್ಣೆಯನ್ನು ಹಿಡಿಯುತ್ತದೆ. ಅಲ್ಲಿಂದ ಪಂಪು ಎಣ್ಣೆಯನ್ನು ಮೇಲೆತ್ತಿ, ತಿರುಗುವ ದಂಡಕ್ಕೂ ಅದನ್ನು ಹೊತ್ತಿರುವ ಬೇರಿಂಗುಗಳಿಗೂ ಉಣಿಸುತ್ತದೆ. ಲೋಹಕ್ಕೂ ಲೋಹಕ್ಕೂ ನಡುವೆ ಎಣ್ಣೆಯ ತೆಳುಪೊರೆಯೊಂದು ಇರುವವರೆಗೆ ಇಂಜಿನ್ನು ಓಡುತ್ತದೆ. ಆ ಪೊರೆ ಹರಿದರೆ ಕೆಲವೇ ನಿಮಿಷಗಳಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ.

ಗಾಡಿಯ ಹೊಟ್ಟೆಯಲ್ಲಿ ಎಲ್ಲಕ್ಕಿಂತ ಕೆಳಗಿರುವ ಅಂಗಗಳಲ್ಲಿ ಇದೂ ಒಂದಾದ್ದರಿಂದ, ದಾರಿಯ ಪೆಟ್ಟು ಮೊದಲು ಬೀಳುವುದೂ ಇದಕ್ಕೇ. ಕೊಪ್ಪಳದ ಸೀಮೆಯಲ್ಲಿ ಅಂಥ ಪೆಟ್ಟಿಗೆ ಕೊರತೆಯಿಲ್ಲ. ಗಂಗಾವತಿಯ ಕಡೆ ಬಂಡೆಗುಡ್ಡಗಳ ನಡುವಣ ಹಾದಿಗಳಲ್ಲಿ ತಲೆಯೆತ್ತಿದ ಕಲ್ಲುಗಳು. ಯಲಬುರ್ಗಾದ ಎರೆಭೂಮಿಯಲ್ಲಿ ಮಳೆಗಾಲದ ಬಂಡಿಜಾಡು ಒಣಗಿ ನಿಂತ ನಡುದಿಣ್ಣೆ. ಕುಷ್ಟಗಿಯ ಹೆದ್ದಾರಿಯಿಂದ ಹಳ್ಳಿಗೆ ತಿರುಗಿದೊಡನೆ ಎದುರಾಗುವ ಉಬ್ಬುಗಳು. ಮದುವೆಗೆಂದು ಐದು ಜನರನ್ನೂ ಎರಡು ಟ್ರಂಕುಗಳನ್ನೂ ಹೊತ್ತು ತಗ್ಗಿದ ಕಾರು ಒಮ್ಮೆ ‘ಠಣ್’ ಎಂದರೆ ಸಾಕು, ತಟ್ಟೆ ಬಿರಿಯಿತೆಂದೇ ತಿಳಿಯಬಹುದು. ಆ ಬಳಿಕ ಎದುರಿನ ಫಲಕದಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿದರೆ, ಊರು ಇನ್ನೆರಡೇ ಮೈಲಿ ಇದ್ದರೂ ಇಂಜಿನ್ನನ್ನು ಆ ಕ್ಷಣವೇ ನಿಲ್ಲಿಸಬೇಕು. ಮುಹೂರ್ತ ತಪ್ಪೀತೆಂದು ಓಡಿಸಿದವರು ಮುಹೂರ್ತವನ್ನೂ ಇಂಜಿನ್ನನ್ನೂ ಕೂಡಿಯೇ ಕಳೆದುಕೊಳ್ಳುತ್ತಾರೆ.

ಅಂಗುಲದ ವಂಶ, ಮಿಲಿಮೀಟರಿನ ವಂಶ

ತಟ್ಟೆಯನ್ನು ಬದಲಿಸುವುದು ಹೆಚ್ಚಿನ ಗಾಡಿಗಳಲ್ಲಿ ಕಠಿಣವಾದ ಕೆಲಸವಲ್ಲ. ಅಂಚಿನ ಸುತ್ತಲೂ ಇರುವ ಹತ್ತಿಪ್ಪತ್ತು ಬೋಲ್ಟುಗಳನ್ನು ಬಿಚ್ಚಬೇಕು. ಹೊಸ ತಟ್ಟೆಯನ್ನಿಟ್ಟು ಮತ್ತೆ ಬಿಗಿಯಬೇಕು. ಆದರೆ ಬಿಚ್ಚುವಾಗ ಒಂದು ತುಂಡಾಗುತ್ತದೆ, ಇನ್ನೊಂದು ಮಣ್ಣಿನಲ್ಲಿ ಉರುಳಿಹೋಗುತ್ತದೆ. ಆಗ ಹಾರ್ಡ್‌ವೇರ್ ಅಂಗಡಿಗೆ ಹುಡುಗನನ್ನು ಓಡಿಸಲಾಗುತ್ತದೆ. ಅಂಗಡಿಯ ಡಬ್ಬಿಗಳಲ್ಲಿ ನೋಡುವುದಕ್ಕೆ ಅವಳಿಗಳಂತಿರುವ ಬೋಲ್ಟುಗಳು ನೂರಾರು. ಅವುಗಳ ಕುಲಗೋತ್ರ ಮಾತ್ರ ಬೇರೆ ಬೇರೆ.

ಈ ಭೇದಕ್ಕೆ ಒಂದು ಇತಿಹಾಸವುಂಟು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಜ್ಞನು ಬೋಲ್ಟಿನ ಮೈಮೇಲಿನ ತಿರುಪಿನ ಎಳೆಗಳು ದೇಶದಲ್ಲೆಲ್ಲ ಏಕರೂಪವಾಗಿರಬೇಕೆಂದು ಸೂಚಿಸಿ, ಅವುಗಳ ಕೋನವನ್ನು 55 ಡಿಗ್ರಿಯೆಂದು ಗೊತ್ತುಮಾಡಿದನು. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಎಳೆಯನ್ನು ಮುಂದಿಟ್ಟನು. ಯೂರೋಪಿನ ಇತರ ದೇಶಗಳು ಮಿಲಿಮೀಟರಿನ ಎಳೆಯನ್ನು ಬೆಳೆಸಿದವು. ಎರಡನೆಯ ಮಹಾಯುದ್ಧದಲ್ಲಿ ಒಂದೇ ಪಕ್ಷದಲ್ಲಿದ್ದ ಬ್ರಿಟನ್ ಮತ್ತು ಅಮೆರಿಕಗಳ ಬೋಲ್ಟು ನಟ್ಟುಗಳೇ ಪರಸ್ಪರ ಕೂಡದೆ ಪಟ್ಟ ಪಾಡಿನಿಂದಾಗಿ, 1948ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ, ಕೆನಡಾಗಳು ವಾಷಿಂಗ್ಟನ್ನಿನಲ್ಲಿ ಸೇರಿ ‘ಯೂನಿಫೈಡ್’ ಎಂಬ ಸಮಾನವಾದ ಎಳೆಯನ್ನು ಒಪ್ಪಿಕೊಂಡವು. ಅದು ಒಪ್ಪಂದವಾದರೂ ಅಂಗುಲದ ಒಪ್ಪಂದವೇ.

ಭಾರತದ ರಸ್ತೆಗಳಿಗೆ ಈ ಎಲ್ಲ ವಂಶಗಳೂ ಬಂದವು. ಜೀಪು ಅಮೆರಿಕದ ಅಂಗುಲವನ್ನು ತಂದಿತು. ಇಟಲಿಯ ಫಿಯೆಟ್ಟೂ ಅದರಿಂದ ಬಂದ ಪ್ರೀಮಿಯರ್ ಪದ್ಮಿನಿಯೂ ಮಿಲಿಮೀಟರನ್ನು ತಂದವು. 2014ರವರೆಗೆ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರಿನ ಕಥೆಯಂತೂ ಇನ್ನೂ ವಿಚಿತ್ರ. ಅದರ 1489 ಸಿ.ಸಿ.ಯ ಬ್ರಿಟಿಷ್ ವಂಶದ ಇಂಜಿನ್ನಿನಲ್ಲಿ ಯೂನಿಫೈಡ್ ಎಳೆ. 1990ರ ದಶಕದಲ್ಲಿ ಬಂದ ಇಸುಜು ಇಂಜಿನ್ನಿನಲ್ಲಿ ಮಿಲಿಮೀಟರಿನ ಎಳೆ. ಹೊರಗಿನ ಮೈಕಟ್ಟು ಒಂದೇ. ಒಳಗಿನ ಭಾಷೆ ಎರಡು. 1983ರ ಕೊನೆಯಲ್ಲಿ ಬಂದ ಮಾರುತಿಯ ನಂತರ ಮಿಲಿಮೀಟರೇ ಮೇಲುಗೈ ಪಡೆಯಿತು.

ಕೊಪ್ಪಳ ಸೀಮೆಯು 1956ರ ನವೆಂಬರ್ 1ರಂದು ಹೈದರಾಬಾದನ್ನು ಬಿಟ್ಟು ವಿಶಾಲ ಮೈಸೂರನ್ನು ಸೇರಿತು. ಅದೇ ವರ್ಷ ಸಂಸತ್ತು ಮೆಟ್ರಿಕ್ ಅಳತೆಯ ಕಾಯಿದೆಯನ್ನು ಮಾಡಿತು. 1958ರ ಅಕ್ಟೋಬರಿನಿಂದ ಅದು ಹಂತಹಂತವಾಗಿ ಜಾರಿಗೆ ಬಂದಿತು. ಸಂತೆಯ ತಕ್ಕಡಿ ಸೇರನ್ನು ಬಿಟ್ಟು ಕಿಲೋಗ್ರಾಮನ್ನು ಕಲಿಯಿತು. ಆದರೆ ಹಳೆಯ ವಾಹನಗಳು ಓಡುತ್ತಿದ್ದಷ್ಟು ಕಾಲವೂ ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಎರಡು ಬಗೆಯ ಸ್ಪ್ಯಾನರುಗಳೂ ಜೊತೆಯಾಗಿಯೇ ಮಲಗಬೇಕಾಯಿತು.

ತಲೆಯ ಮಾತನ್ನು ನಂಬಬಾರದು

ಸ್ಪ್ಯಾನರು ಕುಳಿತ ಮಾತ್ರಕ್ಕೆ ಬೋಲ್ಟಿನ ಜಾತಿ ತಿಳಿಯುವುದಿಲ್ಲ. 7/16 ಅಂಗುಲದ ತಲೆಯ ಮೇಲೆ 11 ಮಿಲಿಮೀಟರಿನ ಸ್ಪ್ಯಾನರು ಯಾವ ಸಂಕೋಚವೂ ಇಲ್ಲದೆ ಕೂಡುತ್ತದೆ. ಇಂಗ್ಲೆಂಡಿನ ಮಾರಿಸ್ ಕಂಪನಿಯು 1923ರಲ್ಲಿ ಕವೆಂಟ್ರಿಯ ಹಾಚ್‌ಕಿಸ್ ಎಂಬ ಫ್ರೆಂಚ್ ಮೂಲದ ಕಾರ್ಖಾನೆಯನ್ನು ಕೊಂಡಿತು. ಅಲ್ಲಿದ್ದ ಯಂತ್ರಗಳು ಮಿಲಿಮೀಟರಿನ ಎಳೆಯನ್ನೇ ಕೊರೆಯುತ್ತಿದ್ದುವು. ಅವುಗಳನ್ನು ಎಸೆಯಲಾರದೆ ಎಳೆಯನ್ನು ಹಾಗೆಯೇ ಉಳಿಸಿಕೊಂಡು, ಇಂಗ್ಲೆಂಡಿನ ಮೇಸ್ತ್ರಿಗಳ ಅನುಕೂಲಕ್ಕಾಗಿ ಬೋಲ್ಟಿನ ತಲೆಯನ್ನು ಮಾತ್ರ ವಿಟ್‌ವರ್ತ್ ಅಳತೆಗೆ ಮಾಡಿದರು. ತಲೆ ಇಂಗ್ಲೆಂಡಿನದು, ಮೈ ಫ್ರಾನ್ಸಿನದು! ಬೋಲ್ಟಿನ ನಿಜ ಅದರ ಎಳೆಯಲ್ಲಿದೆ.

ಕಾಲು ಅಂಗುಲ ವ್ಯಾಸದ ಹಳೆಯ ಬ್ರಿಟಿಷ್ ನಯ ಎಳೆಯಲ್ಲಿ ಅಂಗುಲಕ್ಕೆ 26 ಸುತ್ತು. ಯೂನಿಫೈಡ್ ನಯ ಎಳೆಯಲ್ಲಿ 28. ಅರ್ಧ ಅಂಗುಲದ ಒರಟು ಎಳೆಯ ಬೋಲ್ಟಿನಲ್ಲಿ ಅಂತರ ಒಂದೇ ಒಂದು ಸುತ್ತು. ಮೊದಲೆರಡು ಸುತ್ತು ಸರಾಗವಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ‘ತುಕ್ಕು ಹಿಡಿದಿದೆ’ ಎಂದು ಸ್ಪ್ಯಾನರಿಗೆ ಬಲ ಹಾಕಿದರೆ ರಂಧ್ರದ ಎಳೆಯೇ ಕಿತ್ತುಬರುತ್ತದೆ. 6 ಮಿಲಿಮೀಟರಿನ ಬೋಲ್ಟನ್ನು ಕಾಲು ಅಂಗುಲದ ರಂಧ್ರಕ್ಕೆ ಹಾಕಿದರೆ ಕಥೆ ಬೇರೆ: ಅದು ಸಡಿಲವಾಗಿ ಹೋಗಿ, ತುದಿಯ ಹಿಡಿತದಿಂದಷ್ಟೇ ನಿಂತು, ಗಾಡಿಯ ಅದುರಿಕೆಗೆ ಒಂದು ದಿನ ಬಿದ್ದುಹೋಗುತ್ತದೆ.

ಆರಿಸುವ ಬಗೆ

ಬಲ್ಲ ಮೇಸ್ತ್ರಿಯ ಎಚ್ಚರಿಕೆಯು ಬಿಚ್ಚುವಾಗಲೇ ಆರಂಭವಾಗುತ್ತದೆ. ಒಂದು ರಟ್ಟಿನ ಮೇಲೆ ತಟ್ಟೆಯ ಅಂಚನ್ನು ಬರೆದು, ಪ್ರತಿ ಬೋಲ್ಟನ್ನೂ ಬಿಚ್ಚಿದ ಸ್ಥಾನದಲ್ಲೇ ಅದಕ್ಕೆ ಚುಚ್ಚಿಡುತ್ತಾನೆ. ಎಷ್ಟೋ ಇಂಜಿನ್ನುಗಳಲ್ಲಿ ಮುಂಭಾಗದ ಬೋಲ್ಟುಗಳ ಉದ್ದವೇ ಬೇರೆಯಾಗಿರುತ್ತದೆ. ರಟ್ಟು ಅದನ್ನು ನೆನಪಿಟ್ಟುಕೊಳ್ಳುತ್ತದೆ.

ಅಂಗಡಿಗೆ ಹೋಗುವವನು ಅಳತೆಯನ್ನು ಬಾಯಲ್ಲಿ ಹೇಳಬಾರದು. ಪಕ್ಕದ ರಂಧ್ರದ ಹಳೆಯ ಬೋಲ್ಟನ್ನೇ ಒಯ್ಯಬೇಕು. ಹಳೆಯದನ್ನೂ ಹೊಸದನ್ನೂ ಮೈಗೆ ಮೈ ತಾಗಿಸಿ ಬೆಳಕಿಗೆ ಹಿಡಿದರೆ, ಎಳೆಗಳು ಒಂದರೊಳಗೊಂದು ಕೂಡಿ ನಡುವೆ ಬೆಳಕು ಕಾಣದಿದ್ದಲ್ಲಿ ಎರಡೂ ಒಂದೇ ಕುಲ. ವ್ಯಾಸವನ್ನು ಬೇರೆಯಾಗಿ ಅಳೆಯಬೇಕು. ತಲೆಯ ಮೇಲಿನ 8.8 ಅಥವಾ 10.9 ಎಂಬ ಅಂಕಿಯನ್ನೂ ನೋಡಬೇಕು; ಅದು ಉಕ್ಕಿನ ಬಲದ ಗುರುತು. ಹೆಚ್ಚಿನ ಅಂಕಿ ಹೆಚ್ಚು ಒಳ್ಳೆಯದೆಂದಲ್ಲ, ಹಿಂದಿದ್ದ ಅಂಕಿಯೇ ಸರಿಯಾದುದು.

ಉಳಿದುದು ಉದ್ದ. ಬೋಲ್ಟಿನ ಉದ್ದವೆಂದರೆ ತಲೆಯ ಕೆಳಗಿನ ಭಾಗ. ತಟ್ಟೆಯ ಅಂಚು, ವಾಷರು, ಗ್ಯಾಸ್ಕೆಟ್ಟು ಕೂಡಿ 5 ಮಿಲಿಮೀಟರು ಎನ್ನೋಣ. ಎರಕದ ಕಬ್ಬಿಣದಲ್ಲಿ ಹಿಡಿತಕ್ಕೆ ವ್ಯಾಸದ ಒಂದೂವರೆ ಪಟ್ಟು, ಅಂದರೆ 6 ಮಿಲಿಮೀಟರಿನ ಬೋಲ್ಟಿಗೆ 9. ಒಟ್ಟು 14. ಅಂಗಡಿಯಲ್ಲಿ 16 ಸಿಕ್ಕರೆ 11 ಮಿಲಿಮೀಟರು ಒಳಗೆ ಇಳಿಯುತ್ತದೆ; ರಂಧ್ರ ಅದಕ್ಕಿಂತ ಆಳವಿದೆಯೇ ಎಂದು ಕಸಬರಿಗೆಯ ಕಡ್ಡಿಯೊಂದನ್ನು ಇಳಿಸಿ ನೋಡಿದರಾಯಿತು. ನೋಡದೆ ಉದ್ದನೆಯದನ್ನು ಹಾಕಿದರೆ ಅದು ತಳವನ್ನು ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾದಂತೆ ತೋರುತ್ತದೆ, ತಟ್ಟೆ ಮಾತ್ರ ಸಡಿಲವಾಗಿಯೇ ಉಳಿಯುತ್ತದೆ. ಇನ್ನೂ ತಿರುಗಿಸಿದರೆ ಬ್ಲಾಕು ಬಿರಿಯಬಹುದು. ಅಂಗಳದ ಆ ಕಪ್ಪು ಕಲೆ ಹುಟ್ಟುವ ದಾರಿಗಳಲ್ಲಿ ಇದೂ ಒಂದು.

ಬಿಗಿಯುವ ಕೈ

ಸರಿಯಾದ ಬೋಲ್ಟು ಬೆರಳಿನಿಂದಲೇ ನಾಲ್ಕು ಸುತ್ತು ಹೋಗುತ್ತದೆ. ಹೋಗದಿದ್ದರೆ ಸ್ಪ್ಯಾನರನ್ನು ಎತ್ತಬಾರದು. ಎಲ್ಲವನ್ನೂ ಬೆರಳಿನಿಂದ ಕೂಡಿಸಿದ ಮೇಲೆ ನಡುವಿನಿಂದ ಅಂಚುಗಳ ಕಡೆಗೆ, ಎಡಬಲ ಎದುರುಬದುರಾಗಿ, ಎರಡು ಮೂರು ಸರದಿಯಲ್ಲಿ ಬಿಗಿಯಬೇಕು. 6 ಮಿಲಿಮೀಟರಿನ ಬೋಲ್ಟಿಗೆ ಸಾಮಾನ್ಯವಾಗಿ ಬೇಕಾದ ಬಲ ಅತ್ಯಲ್ಪ: ಒಂದು ಮೀಟರು ಉದ್ದದ ಕೋಲಿನ ತುದಿಗೆ ಒಂದು ಕಿಲೋಗ್ರಾಂ ತೂಗಿಬಿಟ್ಟಷ್ಟು. ಖಚಿತವಾದ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರುತ್ತದೆ. ‘ಇರಲಿ, ಇನ್ನೊಂದಿಷ್ಟು’ ಎಂದು ತೋಳಿನ ಬಲವನ್ನೆಲ್ಲ ಹಾಕುವುದರಿಂದ ತಟ್ಟೆಯ ತಗಡು ಬೋಲ್ಟಿನ ಸುತ್ತ ಕುಳಿಬಿದ್ದು, ನಡುನಡುವೆ ಉಬ್ಬಿ, ಸೋರಿಕೆ ಇನ್ನೂ ಹೆಚ್ಚುತ್ತದೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಗ್ಯಾರೇಜಿಗೂ ಸಲ್ಲುತ್ತದೆ. ಕೆಲವೇ ರೂಪಾಯಿಗಳ ಬೋಲ್ಟು ತಪ್ಪಿದರೆ ಕೆಡುವುದು ತಟ್ಟೆಯಲ್ಲ; ತಟ್ಟೆಯನ್ನು ಹೊತ್ತ ಸಿಲಿಂಡರ್ ಬ್ಲಾಕು. ಬೋಲ್ಟು ಅಂಗಡಿಯಲ್ಲಿ ದೊರೆಯುತ್ತದೆ, ತಟ್ಟೆಯೂ ದೊರೆಯುತ್ತದೆ. ಬ್ಲಾಕಿನ ರಂಧ್ರ ಕೆಟ್ಟರೆ ಲೇತ್ ಅಂಗಡಿಯ ಮರೆಹೋಗಬೇಕು, ಕೆಲವೊಮ್ಮೆ ಇಂಜಿನ್ನನ್ನೇ ಇಳಿಸಬೇಕು. ಆ ಬ್ಲಾಕು ಸುಲಭವಾಗಿ ಹುಟ್ಟುವ ವಸ್ತುವಲ್ಲವೆಂದು ಕೊಪ್ಪಳದವರಿಗೆ ಬೇರೆಯವರು ಹೇಳಬೇಕಾಗಿಲ್ಲ. ಇದೇ ತಾಲ್ಲೂಕಿನ ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆಯು ಕಬ್ಬಿಣವನ್ನು ಕರಗಿಸಿ, ಇಂಜಿನ್ನುಗಳ ಸಿಲಿಂಡರ್ ಬ್ಲಾಕುಗಳನ್ನು ಎರಕಹೊಯ್ಯುತ್ತದೆ. ಅಷ್ಟು ಬೆಂಕಿಯಲ್ಲಿ, ಅಷ್ಟು ಶ್ರಮದಲ್ಲಿ ರೂಪುಗೊಂಡ ವಸ್ತುವನ್ನು ಒಂದು ಅಸಹನೆಯ ಸುತ್ತು ಹಾಳುಮಾಡಬಲ್ಲುದು.

ಕೆಲಸ ಮುಗಿದ ಮೇಲೆ ಗ್ಯಾಸ್ಕೆಟ್ಟಿನ ಅಂಟು ಅದರ ಪೊಟ್ಟಣ ಹೇಳಿದಷ್ಟು ಹೊತ್ತು ಒಣಗಲಿ. ಬಳಿಕವೇ ಎಣ್ಣೆ ಹೊಯ್ಯಬೇಕು. ಹತ್ತು ನಿಮಿಷ ಇಂಜಿನ್ನನ್ನು ಓಡಿಸಿ ನಿಲ್ಲಿಸಿ, ರಾತ್ರಿ ಗಾಡಿಯ ಕೆಳಗೆ ಹಳೆಯ ವೃತ್ತಪತ್ರಿಕೆಯೊಂದನ್ನು ಹಾಸಬೇಕು. ಬೆಳಗ್ಗೆ ಆ ಹಾಳೆಯಲ್ಲಿ ಅಕ್ಷರಗಳ ಹೊರತು ಬೇರೆ ಕಪ್ಪು ಕಾಣದಿದ್ದರೆ, ಮೇಸ್ತ್ರಿಯ ಕೂಲಿ ಸಾರ್ಥಕವಾಯಿತು. ಮನೆಯೊಡತಿಗೂ ಕಲ್ಲುಚಪ್ಪಡಿಯನ್ನು ತೊಳೆಯುವ ಕೆಲಸ ತಪ್ಪಿತು.