ಖಳನಿಲ್ಲದ ಒಂದು ಚಲಚ್ಚಿತ್ರ

ಮುಪ್ಪಿನಲ್ಲಿ ತಂದೆತಾಯಿಗಳನ್ನು ಮಕ್ಕಳು ಕಡೆಗಣಿಸುವ ಕಥೆ ನಮ್ಮ ಚಲಚ್ಚಿತ್ರಗಳಿಗೆ ಹೊಸದೇನೂ ಅಲ್ಲ. ಬಿ. ಆರ್. ಪಂತುಲು ಅವರು 1958ರಲ್ಲಿ ತೆಗೆದ ‘ಸ್ಕೂಲ್ ಮಾಸ್ಟರ್’ ನೋಡಿ ಕಣ್ಣೊರೆಸಿಕೊಂಡು ಬಂದ ಸಂಸಾರಗಳು ಎಷ್ಟೋ ಉಂಟು. ಅಂಥ ಕಥೆಯಲ್ಲಿ ತಪ್ಪು ಯಾರದೆಂಬುದು ಬೇಗನೆ ಗೊತ್ತಾಗಿಬಿಡುತ್ತದೆ. ಎಲ್ಲಿ ಅಳಬೇಕೆಂಬುದನ್ನು ಸಂಗೀತವೇ ಸೂಚಿಸುತ್ತದೆ. ಕಡೆಗೆ ಕೈಹಿಡಿಯಲು ಹಳೆಯ ಶಿಷ್ಯನೊಬ್ಬ ಬರುತ್ತಾನೆ. ಇದೆಲ್ಲ ರೂಢಿ, ಅದರಲ್ಲಿ ದೋಷವೇನೂ ಇಲ್ಲ. ಆದರೆ ನಾವು ರೂಢಿಯೊಳಗೇ ಇರುವ ತನಕ ಅದು ರೂಢಿಯೆಂದು ನಮಗೆ ಕಾಣುವುದಿಲ್ಲ. ಕಾಣಬೇಕಾದರೆ ಇಂಥದೇ ಕಥೆಯನ್ನು ಬೇರೆ ಬಗೆಯಲ್ಲಿ ಹೇಳಿದ ಚಿತ್ರವೊಂದನ್ನು ಪಕ್ಕದಲ್ಲಿಟ್ಟು ನೋಡಬೇಕು.

ಜಪಾನಿನ ಯಸುಜಿರೋ ಓಝು ಅವರು 1953ರಲ್ಲಿ ನಿರ್ದೇಶಿಸಿದ ‘ಟೋಕಿಯೋ ಸ್ಟೋರಿ’ ಅಂಥದೊಂದು. ಓನೊಮಿಚಿ ಎಂಬ ಬಂದರು ಊರಿನ ವೃದ್ಧ ದಂಪತಿಗಳು ಮಕ್ಕಳನ್ನು ನೋಡಲು ಟೋಕಿಯೋಕ್ಕೆ ಬರುತ್ತಾರೆ. ಹಿರಿಯ ಮಗ ವೈದ್ಯ. ಮಗಳು ಹೆಂಗಸರ ಕೇಶಾಲಂಕಾರದ ಅಂಗಡಿ ನಡೆಸುವವಳು. ಇಬ್ಬರಿಗೂ ಬಿಡುವಿಲ್ಲ. ಅಪ್ಪ ಅಮ್ಮನನ್ನು ಅತಾಮಿಯ ಬಿಸಿನೀರ ಬುಗ್ಗೆಯ ವಸತಿಗೃಹಕ್ಕೆ ಸಾಗಹಾಕುತ್ತಾರೆ. ಅಲ್ಲಿಯ ಗದ್ದಲದಲ್ಲಿ ಮುದುಕರಿಗೆ ರಾತ್ರಿ ನಿದ್ದೆಯಿಲ್ಲ. ಅಕ್ಕರೆ ತೋರುವವಳು ಯುದ್ಧದಲ್ಲಿ ತೀರಿಕೊಂಡ ಇನ್ನೊಬ್ಬ ಮಗನ ಹೆಂಡತಿ ನೊರಿಕೊ. ಊರಿಗೆ ಹಿಂತಿರುಗಿದ ಮೇಲೆ ತಾಯಿ ಸಾಯುತ್ತಾಳೆ. ಇಷ್ಟು ಕಥೆಗೆ 136 ನಿಮಿಷ. ಮೊದಲ ಅರ್ಧ ಗಂಟೆಯಲ್ಲಿ ‘ಏನೂ ನಡೆಯುತ್ತಿಲ್ಲವಲ್ಲ’ ಎನ್ನಿಸುವುದು ಸಹಜ, ಎದ್ದುಹೋಗಬಾರದು.

ನಮ್ಮ ಕಣ್ಣಿಗೆ ಒಗ್ಗಿಹೋದ ಒಂದು ನಿಯಮವನ್ನು ಇಲ್ಲಿ ಹೇಳಬೇಕು. ಇಬ್ಬರು ಜಗಲಿಯ ಮೇಲೆ ಎದುರುಬದುರು ಕುಳಿತು ಮಾತನಾಡುತ್ತಿದ್ದಾರೆನ್ನಿ. ಅವರ ನಡುವೆ ಒಂದು ಗೆರೆ ಇದೆಯೆಂದು ಭಾವಿಸಿದರೆ, ಸಾಮಾನ್ಯ ಚಿತ್ರದ ಕ್ಯಾಮೆರಾ ಅಂಗಳದ ಕಡೆಯೇ ನಿಂತಿರುತ್ತದೆ. ಗೆರೆ ದಾಟಿ ಗೋಡೆಯ ಕಡೆಗೆ ಹೋಗುವುದಿಲ್ಲ. ಆದ್ದರಿಂದಲೇ ಒಬ್ಬೊಬ್ಬರನ್ನೇ ತೋರಿಸಿದಾಗಲೂ ಒಬ್ಬ ಬಲಕ್ಕೆ ನೋಡುತ್ತಾನೆ, ಇನ್ನೊಬ್ಬ ಎಡಕ್ಕೆ. ಅವರು ಪರಸ್ಪರ ನೋಡುತ್ತಿದ್ದಾರೆಂದು ನಾವು ಯೋಚಿಸದೆಯೇ ತಿಳಿಯುತ್ತೇವೆ. ಓಝು ಈ ಗೆರೆಯನ್ನು ಲೆಕ್ಕಕ್ಕೇ ಇಡುವುದಿಲ್ಲ. ಅಂಗಳಕ್ಕೂ ಗೋಡೆಗೂ ಸಲೀಸಾಗಿ ಓಡಾಡುತ್ತಾರೆ. ಆಡುವವರು ಹೆಚ್ಚುಕಡಿಮೆ ನಮ್ಮ ಮುಖ ನೋಡಿಯೇ ಆಡಿದಂತಿರುತ್ತದೆ. ಆ ಮುದುಕಿಯ ಮಾತಿಗೆ ಉತ್ತರ ಕೊಡಬೇಕಾದವರು ನಾವೇ ಏನೋ ಎಂಬ ಮುಜುಗರ ಮೆಲ್ಲನೆ ಹುಟ್ಟುತ್ತದೆ.

ಕ್ಯಾಮೆರಾ ನೆಲದಿಂದ ತುಸುವೇ ಮೇಲೆ ಇರುತ್ತದೆ, ಅಲುಗುವುದು ತೀರ ಅಪರೂಪ. ಚಾಪೆಯ ಮೇಲೆ ಕುಳಿತ ಜಪಾನೀಯನ ಕಣ್ಣಿನ ಎತ್ತರ ಅದು ಎಂದು ವಿವರಿಸುವುದುಂಟು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಚಾಪೆಯೇ ಇಲ್ಲದ ಕಚೇರಿಯಲ್ಲೂ ಬೀದಿಯಲ್ಲೂ ಅದೇ ತಗ್ಗು. ಅದು ಯಾರದೋ ಒಬ್ಬರ ಕಣ್ಣೆನ್ನುವುದಕ್ಕಿಂತ ಓಝು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು ಎನ್ನುವುದು ಮೇಲು. ಇವರೇನೂ ಚಿತ್ರೋದ್ಯಮದ ಹೊರಗೆ ನಿಂತು ಸಾಲಸೋಲ ಮಾಡಿ ಚಿತ್ರ ತೆಗೆದವರಲ್ಲ. ಶೋಚಿಕು ಎಂಬ ದೊಡ್ಡ ಕಂಪನಿಯಲ್ಲಿ, ಹೆಸರಾಂತ ನಟನಟಿಯರನ್ನಿಟ್ಟುಕೊಂಡೇ ಕೆಲಸಮಾಡಿದವರು. ಹಣ ಕಡಮೆಯಾದ ಮಾತ್ರಕ್ಕೆ ಚಿತ್ರ ಬೇರೆ ಬಗೆಯದಾಗುವುದಿಲ್ಲ.

ಇನ್ನು ಅವರು ಬಿಟ್ಟುಬಿಡುವ ಸಂಗತಿಗಳು. ಅತಾಮಿಯ ಕಡಲ ದಂಡೆಯ ಗೋಡೆಯ ಮೇಲೆ ಕುಳಿತಿದ್ದ ತಾಯಿ ಏಳಹೋಗಿ ತಲೆ ತಿರುಗಿ ಕುಸಿಯುತ್ತಾಳೆ. ಒಂದು ಗಳಿಗೆ, ಅಷ್ಟೆ, ಸಾವರಿಸಿಕೊಂಡು ಎದ್ದು ನಡೆಯುತ್ತಾಳೆ. ಆಮೇಲೆ ಟೋಕಿಯೋ ನಿಲ್ದಾಣದಲ್ಲಿ ಬೀಳ್ಕೊಡುಗೆ. ಅದಾದೊಡನೆ ನಾವು ಓಸಾಕಾದಲ್ಲಿ, ರೈಲ್ವೆ ನೌಕರನಾದ ಕಿರಿಯ ಮಗನ ಬಳಿ ಇರುತ್ತೇವೆ. ರೈಲಿನಲ್ಲಿ ಅಮ್ಮನಿಗೆ ಮೈಗೆ ಹುಷಾರಿಲ್ಲದೆ ಇಲ್ಲಿಯೇ ಇಳಿದುಬಿಟ್ಟರು ಎಂದು ಅವನು ಜೊತೆಯವನಿಗೆ ಹೇಳುವುದರಿಂದಲೇ ನಮಗೆ ಸುದ್ದಿ. ಬೇರೊಬ್ಬ ನಿರ್ದೇಶಕನಾದರೆ ಆ ರೈಲಿನ ಡಬ್ಬಿಯನ್ನು ಬಿಡುತ್ತಿದ್ದನೆ? ನೀರಿಗಾಗಿ ಚಾಚಿದ ಕೈ, ಗಂಡನ ಗಾಬರಿ, ಇಂಜಿನ್ನಿನ ಕೂಗು, ಎಲ್ಲವೂ ಬರುತ್ತಿದ್ದವು. ಇಲ್ಲಿ ಅವನ್ನೆಲ್ಲ ನಾವೇ ಕಲ್ಪಿಸಿಕೊಳ್ಳಬೇಕು. ದೂರದ ಊರಿನಿಂದ ಬರುವ ಕೆಟ್ಟ ಸುದ್ದಿ ನಮ್ಮ ಮನೆಗಳನ್ನು ಮುಟ್ಟುವುದೂ ಹೀಗೆಯೇ ಅಲ್ಲವೆ?

ಇಂಥ ಚಿತ್ರ ಪರದೇಶದವರಿಗೆ ಅರ್ಥವಾಗಲಾರದೆಂದು ಜಪಾನಿನ ಚಿತ್ರೋದ್ಯಮದವರು ಬಹುಕಾಲ ಹಿಂಜರಿದರು. ನ್ಯೂಯಾರ್ಕಿನಲ್ಲಿ ಅದು ಬಿಡುಗಡೆಯಾದದ್ದು 1972ರಲ್ಲಿ. ಓಝು ತೀರಿಕೊಂಡು ಆಗಲೇ ಎಂಟು ವರ್ಷ ದಾಟಿತ್ತು. 2012ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹಲವು ದೇಶಗಳ ನಿರ್ದೇಶಕರ ಮತ ಕೇಳಿದಾಗ ಮೊದಲ ಸ್ಥಾನ ಇದಕ್ಕೇ ದೊರೆಯಿತು.

ಆದರೆ ರೂಢಿಯಿಂದ ಎಲ್ಲಕ್ಕಿಂತ ದೂರ ಹೋದದ್ದು ಕ್ಯಾಮೆರಾ ಅಲ್ಲವೆಂದು ನನಗೆ ತೋರುತ್ತದೆ. ಶವಸಂಸ್ಕಾರ ಮುಗಿದು ಊಟಕ್ಕೆ ಕುಳಿತಾಗಲೇ ಹಿರಿಯ ಮಗಳು ಅಮ್ಮನ ಉಡುಪುಗಳಲ್ಲಿ ಇಂಥಿಂಥವು ತನಗೆ ಬೇಕೆನ್ನುತ್ತಾಳೆ. ಸಿಕ್ಕಳು ಖಳನಾಯಕಿ ಎಂದುಕೊಳ್ಳುತ್ತೇವೆ. ಅಮ್ಮ ಸತ್ತಾಗ ಮೊದಲು ಬಿಕ್ಕಿಬಿಕ್ಕಿ ಅತ್ತವರಲ್ಲಿ ಅವಳೂ ಒಬ್ಬಳು ಎಂಬುದು ಆಗ ನೆನಪಾಗುತ್ತದೆ. ಕೊನೆಯ ಮಗಳು ಕ್ಯೋಕೊಗೆ ನಮ್ಮಂತೆಯೇ ಕೋಪ. ಮಕ್ಕಳು ದೊಡ್ಡವರಾದಂತೆ ಅವರವರ ಬಾಳು ಅವರನ್ನು ದೂರ ಎಳೆಯುತ್ತದೆ, ಬೇಡವೆಂದರೂ ನಾನೂ ಹಾಗೆಯೇ ಆಗಬಹುದು ಎಂದು ಅವಳಿಗೆ ಸಮಾಧಾನ ಹೇಳುವವಳು, ಎಲ್ಲರಿಗಿಂತ ಹೆಚ್ಚು ಸೇವೆ ಮಾಡಿದ ನೊರಿಕೊ! ಆ ಮಾತಾದ ಮೇಲೆ ಕ್ಯೋಕೊ ಪಾಠ ಹೇಳಲು ಶಾಲೆಗೆ ಹೊರಡುತ್ತಾಳೆ. ಮಾವ ಕೊಟ್ಟ ಅತ್ತೆಯ ಗಡಿಯಾರವನ್ನು ಇಟ್ಟುಕೊಂಡು ನೊರಿಕೊ ಟೋಕಿಯೋ ರೈಲು ಹತ್ತುತ್ತಾಳೆ. ಮನೆಯಲ್ಲಿ ಮುದುಕ ಬೀಸಣಿಗೆ ಹಿಡಿದು ಒಬ್ಬನೇ ಕುಳಿತಿರುತ್ತಾನೆ.