ಗಂಟಿನೊಳಗೆ ನುಗ್ಗುವ ಬ್ಯಾಕ್ಟೀರಿಯಾ

ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಹೊಲಗಳಲ್ಲಿ ಬಿಟಿ ಹತ್ತಿಯ ಹೆಸರು ಕೇಳದ ಹುಡುಗರಿಲ್ಲ. ಆದರೆ ‘ಬಿಟಿ’ ಎಂದರೇನು ಎಂದು ಕೇಳಿದರೆ ದೊಡ್ಡವರೂ ತಡವರಿಸುತ್ತಾರೆ. ಅದು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಮೊದಲಕ್ಷರಗಳು. ಮಣ್ಣಿನಲ್ಲಿರುವ ಈ ಜೀವಿ ಕಾಯಿಕೊರಕ ಹುಳುವಿನ ಹೊಟ್ಟೆಗೆ ವಿಷವಾಗುವ ಒಂದು ಪ್ರೋಟೀನನ್ನು ತಯಾರಿಸುತ್ತದೆ. ಪ್ರೋಟೀನು ತಯಾರಿಸುವ ವಿಧಾನ ಬರೆದಿಟ್ಟ ಚೀಟಿಯೇ ಜೀನ್. ಆ ಚೀಟಿಯನ್ನು ಹತ್ತಿ ಗಿಡಕ್ಕೆ ಸೇರಿಸಿದ್ದಾರೆ. ಹೀಗಾಗಿ ಗಿಡವೇ ಆ ಪ್ರೋಟೀನನ್ನು ತಯಾರಿಸಿಕೊಳ್ಳುತ್ತದೆ.

ಸರಿ, ಗಿಡದೊಳಗೆ ಆ ಚೀಟಿ ಒಯ್ದವರು ಯಾರು? ಅದೂ ಒಂದು ಬ್ಯಾಕ್ಟೀರಿಯಾವೇ! ಅಗ್ರೋಬ್ಯಾಕ್ಟೀರಿಯಂ ಎಂಬುದು ಗಿಡಗಳ ಬುಡದಲ್ಲಿ ಗಂಟು ಬರಿಸುವ ಕಿಡಿಗೇಡಿ. ಅದು ತನ್ನದೇ ಜೀನುಗಳ ಒಂದು ತುಂಡನ್ನು ಗಿಡದ ಜೀವಕೋಶದೊಳಗೆ ತೂರಿಸುತ್ತದೆ, ಗಿಡ ಅದನ್ನು ಓದಿ ಗಂಟು ಬೆಳೆಸುತ್ತದೆ. 1977ರಲ್ಲಿ ಅಮೆರಿಕದ ಮೇರಿ-ಡೆಲ್ ಚಿಲ್ಟನ್ ಮತ್ತು ಸಂಗಡಿಗರು ಈ ಗುಟ್ಟನ್ನು ಬಯಲು ಮಾಡಿದರು. ಮುಂದೆ ವಿಜ್ಞಾನಿಗಳು ಗಂಟು ಬರಿಸುವ ಜೀನುಗಳನ್ನು ತೆಗೆದು, ಅದೇ ಜಾಗದಲ್ಲಿ ತಮಗೆ ಬೇಕಾದ ಜೀನನ್ನು ಇಟ್ಟರು. 2002ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಮೊದಲ ಬಿಟಿ ಹತ್ತಿ ಈ ದಾರಿಯಿಂದಲೇ ಬಂದದ್ದು. ಬಿಟಿ ಹತ್ತಿಯಿಂದ ಲಾಭವೋ ನಷ್ಟವೋ ಎಂಬ ಜಗಳ ಕಟ್ಟೆಯ ಮೇಲೆ ನಡೆಯುತ್ತಲೇ ಇರಲಿ. ಇಲ್ಲಿ ನಮಗೆ ಬೇಕಾದದ್ದು ಇಷ್ಟು: ಗಂಟು ಬರಿಸುತ್ತಿದ್ದ ಜೀವಿಯನ್ನೇ ಪಳಗಿಸಿ ಹಮಾಲಿ ಮಾಡಿಸಬಹುದು.

ಹಾಗಿದ್ದರೆ ಮನುಷ್ಯರ ಮೈಯಲ್ಲಿ ಬೆಳೆಯುವ ಕ್ಯಾನ್ಸರ್ ಗಂಟಿನೊಳಕ್ಕೆ ಬ್ಯಾಕ್ಟೀರಿಯಾದ ಹೆಗಲ ಮೇಲೆ ಔಷಧದ ಜೀನನ್ನು ಹೊರಿಸಿ ಕಳಿಸಬಹುದೇ? ಹಲವು ಪ್ರಯೋಗಾಲಯಗಳು ಇಂದು ಇದೇ ಪ್ರಶ್ನೆಯ ಬೆನ್ನು ಹತ್ತಿವೆ.

ಕ್ಯಾನ್ಸರಿಗೆ ಕೀಮೋ ಕೊಡಿಸಿಕೊಂಡವರನ್ನು ನೀವು ನೋಡಿರಬಹುದು. ಕೂದಲು ಉದುರುತ್ತದೆ, ಊಟ ಸೇರುವುದಿಲ್ಲ, ಬಾಯೆಲ್ಲ ಹುಣ್ಣು. ಔಷಧ ರಕ್ತದ ಜೊತೆ ಇಡೀ ಮೈಗೆ ಹರಿಯುವುದೇ ಇದಕ್ಕೆ ಕಾರಣ. ಒಂದು ಮೂಲೆಯ ಹುಳುವಿಗಾಗಿ ಇಡೀ ಹೊಲಕ್ಕೆ ಎಣ್ಣೆ ಹೊಡೆದ ಹಾಗೆ. ಇಷ್ಟಾದರೂ ದೊಡ್ಡ ಗಂಟಿನ ನಟ್ಟನಡುವಿಗೆ ಔಷಧ ಸರಿಯಾಗಿ ಮುಟ್ಟುವುದಿಲ್ಲ. ಗಂಟು ಅವಸರದಲ್ಲಿ ಬೆಳೆಯುತ್ತದೆ, ಅದರೊಳಗಿನ ರಕ್ತನಾಳಗಳು ಅಡ್ಡಾದಿಡ್ಡಿ. ನಡುಭಾಗಕ್ಕೆ ರಕ್ತವೂ ಕಡಿಮೆ, ಆಮ್ಲಜನಕವೂ ಕಡಿಮೆ.

ನಮಗೆ ಉಸಿರುಗಟ್ಟುವ ಇಂಥ ಜಾಗ ಕೆಲವು ಬ್ಯಾಕ್ಟೀರಿಯಾಗಳಿಗೆ ತವರುಮನೆ. ಮುಂಗಾರಿನಲ್ಲಿ ಹೂ ಬಿಟ್ಟ ಹೆಸರಿನ ಗಿಡವನ್ನು ಮೆಲ್ಲಗೆ ಕಿತ್ತು ಬೇರು ನೋಡಿ. ಸಣ್ಣ ಸಣ್ಣ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಅಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಕೂತು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತದೆ. ಈ ಕೆಲಸಕ್ಕೆ ಆಮ್ಲಜನಕ ಹೆಚ್ಚಿದ್ದರೆ ಕೇಡು. ಅದನ್ನು ಅಳೆದು ಸುರಿಯುವುದಕ್ಕೆಂದೇ ಆ ಕೆಂಪು ವಸ್ತು ಇರುವುದು. ಬೇರಿನ ಗಂಟು ಆರೋಗ್ಯದ ಗುರುತು, ಕ್ಯಾನ್ಸರ್ ಗಂಟು ರೋಗ, ಎರಡೂ ಒಂದಲ್ಲ. ಆದರೆ ಆಮ್ಲಜನಕ ಕಡಿಮೆ ಇರುವಲ್ಲಿ ಹಾಯಾಗಿ ಬಾಳುವ ಜೀವಿಗಳಿವೆ ಎಂಬುದಕ್ಕೆ ನಿಮ್ಮ ಹೊಲದಲ್ಲೇ ಸಾಕ್ಷಿ ಇದೆ. ಕ್ಯಾನ್ಸರ್ ಗಂಟಿನಲ್ಲಿ ಅವುಗಳಿಗೆ ಇನ್ನೂ ಎರಡು ಅನುಕೂಲ: ಸತ್ತ ಜೀವಕೋಶಗಳಿಂದ ತಿನ್ನಲು ಬೇಕಾದಷ್ಟು ಸಿಗುತ್ತದೆ, ಮತ್ತು ಮೈಯ ಕಾವಲುಗಾರರಾದ ಬಿಳಿ ರಕ್ತಕಣಗಳ ಆಟ ಅಲ್ಲಿ ಹೆಚ್ಚು ನಡೆಯುವುದಿಲ್ಲ.

ಬ್ಯಾಕ್ಟೀರಿಯಾದಿಂದ ಕ್ಯಾನ್ಸರನ್ನು ಹೊಡೆಯುವ ಯೋಚನೆ ಹೊಸದೇನಲ್ಲ. 1891ರಲ್ಲಿ ನ್ಯೂಯಾರ್ಕಿನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ ಅವರ ಕೈಯಲ್ಲಿ ಬೆಸ್ಸಿ ಡಶೀಲ್ ಎಂಬ ಹದಿಹರೆಯದ ಹುಡುಗಿ ಮೂಳೆಯ ಕ್ಯಾನ್ಸರಿನಿಂದ ತೀರಿಕೊಂಡಳು. ತೋಳು ಕತ್ತರಿಸಿದರೂ ಉಳಿಯಲಿಲ್ಲ. ಕೋಲಿ ಸುಮ್ಮನೆ ಕೂರಲಾರದೆ ಆಸ್ಪತ್ರೆಯ ಹಳೆಯ ದಾಖಲೆಗಳನ್ನು ತಿರುವಿ ಹಾಕಿದರು. ಕುತ್ತಿಗೆಯ ಗಂಟು ಮತ್ತೆ ಮತ್ತೆ ಬೆಳೆದು ಎಲ್ಲರೂ ಕೈಬಿಟ್ಟಿದ್ದ ಒಬ್ಬ ರೋಗಿಗೆ ಚರ್ಮ ಕೆಂಪೇರುವ ಸೋಂಕು ತಗಲಿ, ವಿಪರೀತ ಜ್ವರ ಬಂದು, ಗಂಟೇ ಕರಗಿತ್ತು ಎಂದು ಅಲ್ಲಿ ಬರೆದಿತ್ತು. ಕೋಲಿ ಗಲ್ಲಿ ಗಲ್ಲಿ ಅಲೆದು ಅವನನ್ನು ಹುಡುಕಿದರು. ಮನುಷ್ಯ ಗಟ್ಟಿಮುಟ್ಟಾಗಿದ್ದ! ಆಮೇಲೆ ಕೋಲಿ ತಾವೇ ರೋಗಿಗಳಿಗೆ ಆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಕೆಲವರ ಗಂಟು ಕರಗಿತು. ಸೋಂಕಿನಿಂದಲೇ ಸತ್ತವರೂ ಇದ್ದರು. ಆದ್ದರಿಂದ ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣಕ್ಕೆ ತಿರುಗಿದರು. ಆದರೆ ಫಲ ಒಬ್ಬರಿಗೆ ಒಂದು ತರ. ಅಷ್ಟರಲ್ಲಿ ವಿಕಿರಣ ಚಿಕಿತ್ಸೆ ಬಂದು ಕೋಲಿಯ ದಾರಿ ಮೂಲೆ ಸೇರಿತು.

ಅದನ್ನು ಮೂಲೆಯಿಂದ ಎತ್ತಿದ್ದು ಜೀನ್ ತಿದ್ದುವ ವಿದ್ಯೆ. 1990ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸಾಲ್ಮೊನೆಲ್ಲಾವನ್ನು ಆರಿಸಿಕೊಂಡರು. ಟೈಫಾಯ್ಡ್ ತರುವ ಕುಲದ್ದೇ ಇದು. ಅದರ ಎರಡು ಜೀನುಗಳನ್ನು ತೆಗೆದರು. ಒಂದನ್ನು ತೆಗೆದಾಗ ಅದರ ವಿಷದ ಬಿರುಸು ಇಳಿಯಿತು. ಇನ್ನೊಂದನ್ನು ತೆಗೆದಾಗ ಅದು ತನ್ನ ಆಹಾರದ ಒಂದು ಅಂಶವನ್ನು ತಾನೇ ತಯಾರಿಸಿಕೊಳ್ಳಲಾಗದೆ, ಅದು ಧಾರಾಳವಾಗಿ ಸಿಗುವ ಗಂಟಿನೊಳಗೇ ಬಾಳಬೇಕಾಯಿತು. ಇಲಿಗಳಲ್ಲಿ ಈ ಸಾಲ್ಮೊನೆಲ್ಲಾ ಯಕೃತ್ತಿಗಿಂತ ಸಾವಿರ ಪಟ್ಟು ಹೆಚ್ಚಾಗಿ ಗಂಟಿನಲ್ಲಿ ತುಂಬಿಕೊಂಡಿತು. ಎಲ್ಲರಿಗೂ ಹಿಗ್ಗೋ ಹಿಗ್ಗು.

2002ರಲ್ಲಿ ಮನುಷ್ಯರ ಫಲಿತಾಂಶ ಹೊರಬಂತು. 25 ರೋಗಿಗಳ ರಕ್ತಕ್ಕೆ ಅದನ್ನು ಕೊಟ್ಟಿದ್ದರು. ತಡೆದುಕೊಳ್ಳಬಹುದಾದ ಪ್ರಮಾಣ ಯಾವುದೆಂದು ತಿಳಿಯಿತು. ಆದರೆ ಗಂಟಿನಲ್ಲಿ ಬ್ಯಾಕ್ಟೀರಿಯಾ ನೆಲೆಸಿದ್ದು ಕಂಡದ್ದು ಮೂವರಲ್ಲಿ ಮಾತ್ರ, ಗಂಟು ಕುಗ್ಗಿದ್ದು ಒಬ್ಬರಲ್ಲೂ ಇಲ್ಲ. ಇಲಿಗೆ ವಾಸಿಯಾದದ್ದೆಲ್ಲ ನಮಗೂ ವಾಸಿಯಾಗುವುದಿದ್ದರೆ ಕ್ಯಾನ್ಸರ್ ಎಂದೋ ಊರು ಬಿಡುತ್ತಿತ್ತು.

ಮರುವರ್ಷ ಇನ್ನೊಂದು ಸಣ್ಣ ಪ್ರಯೋಗದ ವರದಿ ಬಂತು. ನನಗೆ ಇದೇ ಹೆಚ್ಚು ಸ್ವಾರಸ್ಯ ಎನಿಸುತ್ತದೆ. ಅದೇ ಸಾಲ್ಮೊನೆಲ್ಲಾಕ್ಕೆ ಒಂದು ಹೊಸ ಜೀನ್ ಹೊರಿಸಿದರು. ಶಿಲೀಂಧ್ರದ ಸೋಂಕಿಗೆ ಕೊಡುವ ಒಂದು ಸಾಮಾನ್ಯ ಔಷಧಿಯನ್ನು ‘5-ಎಫ್‌ಯು’ ಎಂಬ ಕೀಮೋ ಔಷಧಿಯಾಗಿ ಬದಲಿಸುವುದು ಆ ಜೀನಿನ ಕೆಲಸ. ಬ್ಯಾಕ್ಟೀರಿಯಾವನ್ನು ನೇರವಾಗಿ ಗಂಟಿಗೇ ಚುಚ್ಚಿದರು, ರೋಗಿ ಆ ಸಾಮಾನ್ಯ ಔಷಧಿಯನ್ನು ನುಂಗಿದರು. ಮೂವರಲ್ಲಿ ಇಬ್ಬರ ಗಂಟಿನೊಳಗೆ ಅದು ಕೀಮೋ ಔಷಧಿಯಾಗಿ ಬದಲಾಗಿತ್ತು. ಅಂದರೆ ಗಂಟಿನಲ್ಲೇ ಔಷಧದ ಕಾರ್ಖಾನೆ ಕೂತಿತು. ಮೂವರಿಂದ ರೋಗ ವಾಸಿಯಾಗುತ್ತದೆ ಎಂದು ಹೇಳಲಾಗದು, ಆದರೆ ಹಮಾಲಿ ಹೊರೆಯನ್ನು ತಲುಪಿಸಿದ್ದಂತೂ ನಿಜ.

ಈಚಿನ ಜಾಣತನ ಇನ್ನೂ ಮೇಲಿನದು. ಜಾತ್ರೆಯಲ್ಲಿ ಸಾಕಷ್ಟು ಮಂದಿ ಕೂಡುವ ತನಕ ತೇರು ಎಳೆಯುವುದಿಲ್ಲ, ಅಲ್ಲವೇ? ಬ್ಯಾಕ್ಟೀರಿಯಾಗಳೂ ಒಂದು ರಾಸಾಯನಿಕ ಸುಳಿವಿನಿಂದ ತಮ್ಮ ಗುಂಪು ಎಷ್ಟು ದೊಡ್ಡದಾಯಿತೆಂದು ಅರಿಯುತ್ತವೆ. ಈ ಗುಣವನ್ನು ಬಳಸಿ, ಗುಂಪು ತುಂಬಿದಾಗ ಹೆಚ್ಚಿನವು ಒಮ್ಮೆಲೇ ಒಡೆದು ಔಷಧ ಚೆಲ್ಲುವಂತೆ, ಉಳಿದ ಕೆಲವು ಮತ್ತೆ ಬೆಳೆಯುವಂತೆ ಅಮೆರಿಕದ ವಿಜ್ಞಾನಿಗಳು 2016ರಲ್ಲಿ ಮಾಡಿ ತೋರಿಸಿದರು. 2019ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಟಾಲ್ ಡಾನಿನೊ, ನಿಕೋಲಸ್ ಅರ್ಪಾಯಾ ಅವರ ತಂಡ ಇಂಥದೇ ಇ. ಕೋಲಿ ಬ್ಯಾಕ್ಟೀರಿಯಾವನ್ನು ಇಲಿಯ ಒಂದು ಗಂಟಿಗೆ ಚುಚ್ಚಿತು. ಕ್ಯಾನ್ಸರ್ ಕೋಶಗಳು ಕಾವಲುಗಾರರ ಕಣ್ಣಿಗೆ ಬೀಳದಂತೆ ಹೊದ್ದಿರುವ ಮುಸುಕನ್ನು ಸರಿಸುವ ಔಷಧ ಅದರಲ್ಲಿತ್ತು. ಚುಚ್ಚಿದ ಗಂಟು ಕರಗಿತು. ಚುಚ್ಚದೇ ಬಿಟ್ಟ ಬೇರೆ ಗಂಟುಗಳ ಬೆಳವಣಿಗೆಗೂ ತಡೆ ಬಿತ್ತು.

‘ಆ ಬ್ಯಾಕ್ಟೀರಿಯಾ ಮೈಯಲ್ಲೇ ಉಳಿದು ಬೇರೆ ರೋಗ ತಂದರೆ?’ ಎಂದು ನೀವು ಕೇಳಬೇಕು. ಕೇಳಬೇಕಾದ ಪ್ರಶ್ನೆಯೇ. ಅದಕ್ಕಾಗಿಯೇ ಅವುಗಳನ್ನು ಬಲಗುಂದಿಸುತ್ತಾರೆ, ಸಾಮಾನ್ಯ ಆಂಟಿಬಯೋಟಿಕ್‌ಗೆ ಸಾಯುವಂತೆಯೇ ಉಳಿಸಿಕೊಳ್ಳುತ್ತಾರೆ. ಆದರೂ ಕ್ಯಾನ್ಸರಿನಿಂದ ಸೊರಗಿದ ಮೈಗೆ ಜೀವಂತ ಬ್ಯಾಕ್ಟೀರಿಯಾ ಬಿಡುವುದು ಹುಡುಗಾಟವಲ್ಲ. ಪ್ರಯೋಗಗಳು ಇಷ್ಟು ನಿಧಾನವಾಗಿ ನಡೆಯುವುದು ಅದಕ್ಕೇ.

ಜೀನ್ ಹೊತ್ತ ಬ್ಯಾಕ್ಟೀರಿಯಾದ ಚಿಕಿತ್ಸೆ ಇನ್ನೂ ಆಸ್ಪತ್ರೆಗಳಿಗೆ ಬಂದಿಲ್ಲ. ಜೀನ್ ಹೊರದ ಒಂದು ಬ್ಯಾಕ್ಟೀರಿಯಾ ಮಾತ್ರ ಬಹಳ ಹಿಂದೆಯೇ ಬಂದಿದೆ, ಅದರ ಗುರುತು ನಿಮ್ಮ ತೋಳಿನ ಮೇಲೇ ಇದ್ದೀತು. ಹುಟ್ಟಿದ ಮಗುವಿಗೆ ಕ್ಷಯದ ವಿರುದ್ಧ ಹಾಕುವ ಬಿಸಿಜಿ ಲಸಿಕೆ ಅದು. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ದನಗಳ ಕ್ಷಯದ ಬ್ಯಾಕ್ಟೀರಿಯಾವನ್ನು ಪಿತ್ತರಸದಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ 13 ವರ್ಷ, 230 ಸಲ ಬೆಳೆಸಿ ಬೆಳೆಸಿ ಅದರ ಸೊಕ್ಕು ಮುರಿದರು. 1976ರಲ್ಲಿ ಕೆನಡಾದ ವೈದ್ಯ ಅಲ್ವಾರೊ ಮೊರಾಲೆಸ್, ಮೂತ್ರಕೋಶದ ಒಳಪದರದ ಕ್ಯಾನ್ಸರಿಗೆ ಬಿಸಿಜಿಯಿಂದ ಗುಣ ಕಂಡದ್ದನ್ನು ವರದಿ ಮಾಡಿದರು. ಇಂದು ನಮ್ಮ ದೇಶದಲ್ಲೂ ಈ ಚಿಕಿತ್ಸೆ ಇದೆ. ಸಾಮಾನ್ಯವಾಗಿ ವಾರಕ್ಕೊಮ್ಮೆಯಂತೆ ಆರು ವಾರ ನಳಿಕೆಯ ಮೂಲಕ ಮೂತ್ರಕೋಶಕ್ಕೆ ಬಿಡುತ್ತಾರೆ, ರೋಗಿ ಸುಮಾರು ಎರಡು ತಾಸು ಹಿಡಿದಿಟ್ಟುಕೊಳ್ಳಬೇಕು.

ಕುಂದಗೋಳ, ಕಲಘಟಗಿ ಕಡೆಯಿಂದ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಬಸ್ಸು ಹತ್ತುವ ಮನೆಗಳವರಿಗೆ ಒಂದು ಮಾತು. ‘ಜೀನ್ ಚಿಕಿತ್ಸೆಯಿಂದ ಕ್ಯಾನ್ಸರ್ ಮಾಯ, ಇಷ್ಟು ಲಕ್ಷ ಕೊಡಿ’ ಎಂದು ಮೊಬೈಲಿನಲ್ಲಿ ಬರುವುದನ್ನು ನಂಬಿ ಹೊಲ ಒತ್ತೆ ಇಡಬೇಡಿ. ನಿಜವಾದ ಪ್ರಯೋಗವಾಗಿದ್ದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಇರಲೇಬೇಕು, ಯಾರು ಬೇಕಾದರೂ ಅಂತರ್ಜಾಲದಲ್ಲಿ ಅದನ್ನು ನೋಡಬಹುದು. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲೇ, ಅಂದರೆ ಕನ್ನಡದಲ್ಲೇ, ಕೊಟ್ಟು ವಿವರಿಸಬೇಕು. ಬೇಡವೆನಿಸಿದರೆ ನಡುವೆಯೇ ಹೊರಗೆ ಬರಬಹುದು, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ. ಮನೆಯ ಹಿರಿಯರಿಗೆ ಓದಲು ಬಾರದಿದ್ದರೆ ಶಾಲೆಗೆ ಹೋಗುವ ನೀವೇ ಆ ಕಾಗದವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಬಹುದು.